ಬೂಟಿಗಿಂತ ಮೊದಲು ಸಾಕ್ಸ್ ತಗೊಳ್ಳಿ

ಜುಲೈ ಬಂತೆಂದರೆ ಮಂಗಳೂರು, ಉಡುಪಿ, ಮಣಿಪಾಲದ ಕಡೆಯಿಂದ ಜರ್ಮನಿ, ಐರ್ಲೆಂಡ್, ಕೆನಡಾಕ್ಕೆ ಓದಲಿಕ್ಕೆ ಅಥವಾ ನರ್ಸಿಂಗ್ ಕೆಲಸಕ್ಕೆ ಹೊರಟ ಹೆಣ್ಣುಮಕ್ಕಳ ಖರೀದಿ ಶುರುವಾಗುತ್ತದೆ. ಪಟ್ಟಿಯಲ್ಲಿ ಹೀಲ್ ಇರುವ ಒಂದು ಜೊತೆ ಬೂಟ್ ಇದ್ದೇ ಇರುತ್ತದೆ. ಹಂಪನಕಟ್ಟೆಯ ಅಂಗಡಿಗೆ ಹೋಗಿ, ಮಳೆಗೆ ನೆನೆದ ಕಾಲು ಒರೆಸಿ, ಬರಿಗಾಲಿಗೇ ಬೂಟ್ ಹಾಕಿ ನಾಲ್ಕು ಹೆಜ್ಜೆ ನಡೆದು "ಸರಿ ಉಂಟು" ಅಂತ ಪ್ಯಾಕ್ ಮಾಡಿಸಿಬಿಡುತ್ತಾರೆ. ತಪ್ಪಾಗುವುದು ಅಲ್ಲೇ. ಡಿಸೆಂಬರಿನಲ್ಲಿ ಅದೇ ಬೂಟಿನೊಳಗೆ ಉಣ್ಣೆಯ ದಪ್ಪ ಸಾಕ್ಸ್ ಹೋಗಬೇಕು. ತುರುಕಿ ಹಾಕಿದರೆ ಕಾಲು ಇನ್ನೂ ತಣ್ಣಗಾಗುತ್ತದೆ. ಕಾಲನ್ನು ಬೆಚ್ಚಗಿಡುವುದು ಉಣ್ಣೆಯ ಎಳೆಗಳ ನಡುವೆ ನಿಂತ ಗಾಳಿ. ಬೂಟ್ ಬಿಗಿಯಾದರೆ ಆ ಗಾಳಿಗೆ ಜಾಗ ಇರುವುದಿಲ್ಲ, ಬೆರಳುಗಳಿಗೆ ರಕ್ತ ಹೋಗುವುದೂ ಕಡಿಮೆಯಾಗುತ್ತದೆ.

ಹಾಗಾಗಿ ಮೊದಲು ಉಣ್ಣೆಯ ಸಾಕ್ಸ್ ತಗೊಂಡು, ಅದನ್ನು ಚೀಲದಲ್ಲಿ ಹಾಕಿಕೊಂಡೇ ಬೂಟಿನ ಅಂಗಡಿಗೆ ಹೋಗಿ. ಹೋಗುವುದು ಸಂಜೆಗೆ, ಯಾಕೆಂದರೆ ದಿನವಿಡೀ ನಡೆದ ಪಾದ ಸಂಜೆಯಾಗುವಾಗ ಸ್ವಲ್ಪ ಊದಿಕೊಂಡಿರುತ್ತದೆ. ಮನೆಯಲ್ಲೇ ಅಳತೆ ತೆಗೆಯುವುದಾದರೆ ನೆಲಕ್ಕೆ ಕಾಗದ ಹಾಕಿ, ಹಿಮ್ಮಡಿಯನ್ನು ಗೋಡೆಗೆ ತಾಗಿಸಿ, ಪೂರ್ತಿ ಭಾರ ಬಿಟ್ಟು ನಿಂತು, ಎಲ್ಲಕ್ಕಿಂತ ಉದ್ದದ ಬೆರಳಿನ ತುದಿಗೆ ಗೆರೆ ಎಳೆಯಿರಿ. ತುಂಬ ಜನರಿಗೆ ಹೆಬ್ಬೆರಳಿಗಿಂತ ಅದರ ಪಕ್ಕದ್ದೇ ಉದ್ದ. ಎರಡೂ ಪಾದ ಅಳೆದು, ದೊಡ್ಡದರ ಲೆಕ್ಕ ಹಿಡಿಯಿರಿ. ಬೆರಳಿನ ಮುಂದೆ 1 ಸೆಂ.ಮೀ.ನಷ್ಟು ಜಾಗ ಉಳಿಯಬೇಕು. ಬ್ರಿಟಿಷ್ ನಂಬರಿನಲ್ಲಿ ಒಂದು ಸೈಜಿಗೂ ಮುಂದಿನದಕ್ಕೂ ಸುಮಾರು 8.5 ಮಿ.ಮೀ. ವ್ಯತ್ಯಾಸ, ಯುರೋಪಿನ ನಂಬರಿನಲ್ಲಿ 6.7 ಮಿ.ಮೀ. ಎರಡನ್ನೂ ಬೆರೆಸಿ ಅಂದಾಜು ಮಾಡುವುದಕ್ಕಿಂತ ಸೆಂಟಿಮೀಟರ್ ನೋಡುವುದು ಒಳ್ಳೆಯದು.

"ಸಾಕ್ಸಿಗೆ ಅಂತ ಒಂದು ಸೈಜ್ ದೊಡ್ಡದೇ ತಗೊಳ್ಳಿ" ಎನ್ನುವ ಸಲಹೆ ಎಲ್ಲರೂ ಕೊಡುತ್ತಾರೆ. ಚಪ್ಪಟೆ ಬೂಟಿಗೆ ಅದು ನಡೆದೀತು, ಹೀಲಿಗೆ ಕಣ್ಣುಮುಚ್ಚಿ ಪಾಲಿಸುವುದು ಬೇಡ. ಹೀಲ್ ಇದ್ದಾಗ ಪಾದ ಇಳಿಜಾರಿನಲ್ಲಿ ಇರುತ್ತದೆ. ಬೂಟ್ ಸಡಿಲವಾದಷ್ಟೂ ಪಾದ ಮುಂದಕ್ಕೆ ಜಾರುತ್ತದೆ, ಬೆರಳುಗಳು ತುದಿಗೆ ಒತ್ತಿಕೊಳ್ಳುತ್ತವೆ, ಹಿಂದೆ ಹಿಮ್ಮಡಿ ಎದ್ದು ಎದ್ದು ಸಿಪ್ಪೆ ಸುಲಿಯುತ್ತದೆ. ಪಾದವನ್ನು ಹಿಡಿದು ನಿಲ್ಲಿಸಬೇಕಾದ್ದು ಪಾದದ ಮೇಲ್ಭಾಗ, ಲೇಸ್ ಕಟ್ಟುವ ಜಾಗ. ಬೆರಳಿನ ಹತ್ತಿರ ಅಗಲ, ಮೇಲೆ ಲೇಸಿನ ಹಿಡಿತ, ಹೀಗಿರುವ ಬೂಟ್ ಹುಡುಕಿ. ಲೇಸ್ ಇದ್ದರೆ ತೆಳು ಸಾಕ್ಸಿಗೂ ದಪ್ಪ ಸಾಕ್ಸಿಗೂ ಹೊಂದಿಸಬಹುದು. ಬದಿಗೆ ಇಲಾಸ್ಟಿಕ್ ಇರುವುದು ಹಾಕಲಿಕ್ಕೆ ಸುಲಭ, ಆದರೆ ಇಲಾಸ್ಟಿಕ್ ಸಡಿಲವಾದ ಮೇಲೆ ಬಿಗಿ ಮಾಡುವ ದಾರಿಯೇ ಇಲ್ಲ.

ಹೀಲಿನ ಎತ್ತರವನ್ನು ಹಿಂದಿನಿಂದ ಮಾತ್ರ ಅಳೆಯಬೇಡಿ. ಹಿಂದೆ 5.5 ಸೆಂ.ಮೀ., ಮುಂದೆ ಸೋಲಿನ ದಪ್ಪ 1.5 ಸೆಂ.ಮೀ. ಇದ್ದರೆ ಪಾದಕ್ಕೆ ಆಗುವ ಏರು 4 ಸೆಂ.ಮೀ. ಮಾತ್ರ. ದಿನವಿಡೀ ಹಾಕುವ ಬೂಟಿಗೆ ಈ ಏರು 4 ದಾಟಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಏರು ಹೆಚ್ಚಿದಂತೆ ಮೈಭಾರ ಹೆಚ್ಚೆಚ್ಚು ಬೆರಳಿನ ಬುಡಕ್ಕೆ ಬೀಳುತ್ತದೆ. ಹೀಲಿನ ತಳ ಅಗಲವಾಗಿ, ಕನಿಷ್ಠ 4 ಸೆಂ.ಮೀ. ಇರಲಿ. ಬೂಟನ್ನು ಮೇಜಿನ ಮೇಲಿಟ್ಟು ಮೇಲಿನಿಂದ ಬೆರಳಲ್ಲಿ ಒತ್ತಿ ನೋಡಿ, ಅಲುಗಾಡಬಾರದು. ಆಮೇಲೆ ಎರಡು ಕೈಯಲ್ಲಿ ಹಿಡಿದು ಬಗ್ಗಿಸಿ. ಬೆರಳಿನ ಬುಡದ ಜಾಗದಲ್ಲಿ ಮಾತ್ರ ಬಗ್ಗಬೇಕು. ನಡುವೆ ಬಗ್ಗಿತೆಂದರೆ ಆ ಭಾಗವನ್ನು ಗಟ್ಟಿಯಾಗಿ ಹಿಡಿಯಲಿಕ್ಕೆ ಸೋಲಿನೊಳಗೆ ಕೂರಿಸುವ ಪಟ್ಟಿ ದುರ್ಬಲ ಅಥವಾ ಇಲ್ಲವೇ ಇಲ್ಲ, ಅಂಥದ್ದನ್ನು ಅಲ್ಲೇ ಬಿಟ್ಟು ಬನ್ನಿ.

ಇನ್ನು ಸೋಲ್. ಗಟ್ಟಿ ಪ್ಲಾಸ್ಟಿಕ್ ಸೋಲ್ ಇಲ್ಲಿಯ ಸೆಕೆಗೆ ಮೆತ್ತಗೇ ಕಾಣುತ್ತದೆ, ಚಳಿಗೆ ಹಲಗೆಯ ಹಾಗೆ ಬಿಗಿಯುತ್ತದೆ, ಜಾರುತ್ತದೆ. ಒಳ್ಳೆಯ ರಬ್ಬರ್ ಚಳಿಯಲ್ಲೂ ಬಗ್ಗುತ್ತದೆ. ಬದಲಿಸುವ ಅವಧಿ ಮುಗಿಯುವುದರೊಳಗೆ ಬೂಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ರಾತ್ರಿ ಫ್ರೀಜರಿನಲ್ಲಿಟ್ಟು, ಬೆಳಿಗ್ಗೆ ಮೆಲ್ಲ ಬಗ್ಗಿಸಿ ನೋಡಿ. ಸೋಲ್ ಮಣಿಯದಿದ್ದರೆ ಗೊತ್ತಾಗುತ್ತದೆ. ಸೋಲಿನ ಅಡಿ ಹಲ್ಲುಗಳು ಆಳವಾಗಿರಲಿ, ಹೀಲಿನ ತಳದಲ್ಲೂ ಇರಲಿ. ಮುಂದೆ ಚೆನ್ನಾಗಿ ಹಲ್ಲು ಕೊಟ್ಟು ಹೀಲನ್ನು ನುಣ್ಣಗೆ ಬಿಟ್ಟ ಬೂಟುಗಳು ಬೇಕಾದಷ್ಟು ಇವೆ, ಆದರೆ ನಡೆಯುವಾಗ ನೆಲಕ್ಕೆ ಮೊದಲು ತಾಗುವುದೇ ಹೀಲ್. ನುಣ್ಣಗಿನ ಸೋಲಿಗೆ ನಮ್ಮಲ್ಲಿ ಚಪ್ಪಲಿ ರಿಪೇರಿಯವರು ತೆಳು ರಬ್ಬರ್ ಹಾಫ್ ಸೋಲ್ ಅಂಟಿಸಿ ಕೊಡುತ್ತಾರೆ. ಹೀಲಿನ ತಳಕ್ಕೂ ಹಾಕಿಸಿಕೊಳ್ಳಿ.

ನೀರಿನ ವಿಷಯ ಚಿಕ್ಕದು: ಜಿಪ್ ಬಿಚ್ಚಿ ಒಳಗೆ ನೋಡಿ. ಜಿಪ್ಪಿನ ಹಿಂದೆ ಬಟ್ಟೆಯ ಪದರು ಇಲ್ಲದಿದ್ದರೆ ಕರಗಿದ ಹಿಮ ಅಲ್ಲಿಂದಲೇ ಸಾಕ್ಸಿಗೆ ಇಳಿಯುತ್ತದೆ.

ಎಷ್ಟು ಒಳ್ಳೆಯ ಬೂಟಾದರೂ ಹೆಪ್ಪುಗಟ್ಟಿದ ನೆಲಕ್ಕೆ ಹೀಲ್ ಹೇಳಿದ್ದಲ್ಲ. ಆ ದಿನ ಚಪ್ಪಟೆಯದ್ದೇ ಹಾಕಿ, ಹೀಲಿನದ್ದನ್ನು ಚೀಲದಲ್ಲಿ ಒಯ್ಯಿರಿ. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಮಂಜುಗಡ್ಡೆಯ ಮೇಲೆ ನೀರಿನ ಪದರು ನಿಂತಾಗ ಅದು ಮಳೆಗಾಲದಲ್ಲಿ ಹಾವಸೆ ಹಿಡಿದ ನಮ್ಮ ಅಂಗಳದ ಹಾಗೆಯೇ. ಇಲ್ಲಿ ಅಂಗಳಕ್ಕೆ ಸೋಗೆ ಹಾಸುತ್ತೇವೆ, ಅಲ್ಲಿ ಉಪ್ಪೋ ಜಲ್ಲಿಪುಡಿಯೋ ಹಾಕುತ್ತಾರೆ. ಹಾವಸೆಯ ಮೇಲೆ ನಡೆದು ಗೊತ್ತಿದ್ದವರಿಗೆ ಹೆಜ್ಜೆ ಹೊಸತಾಗಿ ಕಲಿಸಬೇಕಿಲ್ಲ: ಸಣ್ಣ ಹೆಜ್ಜೆ, ಇಡೀ ಪಾದ ಒಟ್ಟಿಗೇ ನೆಲಕ್ಕೆ.

ಆ ರಸ್ತೆಯ ಉಪ್ಪು ಲೆದರಿನ ಮೇಲೆ ಬಿಳಿ ಗೆರೆಯಾಗಿ ಒಣಗುತ್ತದೆ, ಬಿಟ್ಟರೆ ಲೆದರ್ ಬಿರಿಯುತ್ತದೆ. ಬಿಳಿ ವಿನೆಗರಿಗೆ ಅಷ್ಟೇ ನೀರು ಸೇರಿಸಿ, ಬಟ್ಟೆ ಅದ್ದಿ ಹಿಂಡಿ ಒರೆಸಿ. ಒಳಗೆ ನ್ಯೂಸ್‌ಪೇಪರ್ ತುರುಕಿ, ಹೀಟರಿನಿಂದ ದೂರ ಇಟ್ಟು ಒಣಗಿಸಿ, ಆಮೇಲೆ ಕ್ರೀಮ್ ಹಚ್ಚಿ. ಹೀಟರಿನ ಮೇಲಿಟ್ಟರೆ ಲೆದರ್ ಗಡಸಾಗುತ್ತದೆ, ಸೋಲಿನ ಅಂಟೂ ಬಿಡಬಹುದು.

ಊರಿಗೆ ತಂದು ಬಿಟ್ಟ ಬೂಟಿನ ಬಗ್ಗೆಯೂ ಹೇಳಬೇಕು. ಅಕ್ಕನ ಬೂಟ್ ತಂಗಿಗೆ ಆದೀತು ಅಂತ ಕಪಾಟಿನ ಮೇಲೆ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ಲೆದರಿಗೆ ಹಿಡಿದ ಬೂಸ್ಟನ್ನು ಒರೆಸಬಹುದು, ಪಿಯು (ಪಾಲಿಯುರಿಥೇನ್ ಎನ್ನುವ ಹಗುರ ಪ್ಲಾಸ್ಟಿಕ್) ಫೋಮಿನ ಸೋಲ್ ಹಾಗಲ್ಲ. ಗಾಳಿಯ ತೇವ ಪಿಯುವನ್ನು ಒಳಗಿಂದಲೇ ಮುರಿಯುತ್ತದೆ, ನಮ್ಮ ಕರಾವಳಿಯ ಸೆಕೆಗೆ ಇನ್ನೂ ಬೇಗ. ಹಾಕದೆ ಇಟ್ಟರೂ ಕೆಲವು ವರ್ಷಗಳಲ್ಲಿ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ. ಸೂಟ್‌ಕೇಸಿಗೆ ಹಾಕುವ ಮೊದಲು ಸೋಲಿನ ಅಂಚನ್ನು ಹೆಬ್ಬೆರಳಲ್ಲಿ ಜೋರಾಗಿ ಒತ್ತಿ, ಬಗ್ಗಿಸಿ, ಅಂಗಳದಲ್ಲಿ ಅರ್ಧ ಗಂಟೆ ನಡೆಸಿ ನೋಡಿ. ಬಿರುಕು ಕಂಡರೆ ಅಥವಾ ಕೈಗೆ ಪುಡಿ ಅಂಟಿದರೆ ಅದನ್ನು ಕಳಿಸಬೇಡಿ.