ನೀವು ಯಾವ ಸೇವೆಯಲ್ಲಿದ್ದೀರಿ?

ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಹೊಸಬರ ಪರಿಚಯವಾದಾಗ ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆಯೊಂದಿದೆ: "ನೀವು ಯಾವ ಸೇವೆಯಲ್ಲಿದ್ದೀರಿ?" ಸಂಡೇ ಸ್ಕೂಲಿನಲ್ಲಿ ಕಲಿಸುತ್ತೇನೆ, ಗಾಯನ ತಂಡದಲ್ಲಿದ್ದೇನೆ, ಯೌವನಸ್ಥರ ಕೂಟ ನಡೆಸುತ್ತೇನೆ ಎಂಬ ಉತ್ತರ ಬಂದರೆ ಕೇಳಿದವರಿಗೆ ಸಮಾಧಾನವಾಗುತ್ತದೆ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೇನೆ ಎಂದರೆ, "ಅದು ಉದ್ಯೋಗವಾಯಿತು, ಸೇವೆ ಯಾವುದು?" ಎಂಬ ಮರುಪ್ರಶ್ನೆ ಬರುತ್ತದೆ. ಕೇಳುವವರ ಮನಸ್ಸಿನಲ್ಲಿ ಕೆಡುಕೇನೂ ಇರುವುದಿಲ್ಲ. ಆದರೂ ಆ ಮರುಪ್ರಶ್ನೆಯ ಹಿಂದಿರುವ ತಿಳಿವಳಿಕೆಯನ್ನು ನಾವು ಪರೀಕ್ಷಿಸಿ ನೋಡಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ. ಎಚ್ಚರವಾಗಿರುವ ಹೊತ್ತಿನ ಬಹುಪಾಲನ್ನು ದುಡಿಮೆಯಲ್ಲಿಯೂ ಮನೆಯ ಜವಾಬ್ದಾರಿಯಲ್ಲಿಯೂ ಕಳೆಯುವ ವಿಶ್ವಾಸಿಗೆ, ಆ ಹೊತ್ತಿಗೂ ದೇವರ ಸೇವೆಗೂ ಸಂಬಂಧವಿಲ್ಲವೆಂಬುದನ್ನು ನಾವು ಬಾಯಿಬಿಟ್ಟು ಹೇಳದೆಯೇ ಕಲಿಸಿಬಿಟ್ಟಿದ್ದೇವೆ.

ಈ ವಿಂಗಡಣೆಗೆ ಆಧಾರವಾಗಿ ಬೈಬಲಿನ ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯವನ್ನು ತೋರಿಸುವವರಿದ್ದಾರೆ. ಗ್ರೀಕ್ ಮಾತನಾಡುವ ವಿಧವೆಯರಿಗೆ ದಿನದ ಆಹಾರ ಹಂಚುವಾಗ ಅನ್ಯಾಯವಾಗುತ್ತಿದೆ ಎಂಬ ದೂರು ಬಂದಾಗ, ಅಪೊಸ್ತಲರು, ಅಂದರೆ ಯೇಸು ಆರಿಸಿ ಕಳುಹಿಸಿದ ಶಿಷ್ಯರು, ವಾಕ್ಯೋಪದೇಶವನ್ನು ಬಿಟ್ಟು ಊಟ ಬಡಿಸಲು ಒಪ್ಪಲಿಲ್ಲವಲ್ಲ, ಹಾಗಾದರೆ ಉಪದೇಶವೇ ಮೇಲು, ಬಡಿಸುವುದು ಕೀಳು ಎಂಬುದು ಅವರ ವಾದ. ಆದರೆ ಅದೇ ಅಧ್ಯಾಯವನ್ನು ಮುಂದಕ್ಕೆ ಓದಬೇಕು. ಹಂಚುವ ಕೆಲಸಕ್ಕೆ ಆರಿಸಬೇಕಾದ ಏಳು ಮಂದಿಗೆ ಒಳ್ಳೆಯ ಹೆಸರಿರಬೇಕು, ಅವರು ಪವಿತ್ರಾತ್ಮನಿಂದ ಮತ್ತು ಜ್ಞಾನದಿಂದ ತುಂಬಿದವರಾಗಿರಬೇಕು ಎಂಬ ಷರತ್ತನ್ನು ಹಾಕಿದವರು ಅಪೊಸ್ತಲರೇ. ಆರಿಸಿದವರ ಮೇಲೆ ಕೈಯಿಟ್ಟು ಪ್ರಾರ್ಥಿಸಿದವರೂ ಅವರೇ. ಕೀಳೆಂದು ಎಣಿಸಿದ ಕೆಲಸಕ್ಕೆ ಯಾರೂ ಇಂತಹ ಅರ್ಹತೆಯನ್ನು ಕೇಳುವುದಿಲ್ಲ. ಯಾರ ಪಾಲು ಯಾರಿಗೆ ತಪ್ಪುತ್ತಿದೆ ಎಂದು ನೋಡಿ ನ್ಯಾಯವಾಗಿ ಹಂಚುವುದಕ್ಕೂ ಪವಿತ್ರಾತ್ಮನ ಬಲ ಬೇಕು ಎಂಬುದು ಮೊದಲ ಸಭೆಯ ನಂಬಿಕೆಯಾಗಿತ್ತು. ಆ ಏಳು ಮಂದಿಯಲ್ಲಿ ಸ್ತೆಫನನೂ ಫಿಲಿಪ್ಪನೂ ಮುಂದೆ ವಾಕ್ಯವನ್ನು ಸಾರಿದರು ಎಂಬುದನ್ನೂ ಮರೆಯಬಾರದು.

ನನ್ನನ್ನು ಇನ್ನೂ ಹೆಚ್ಚು ಯೋಚನೆಗೆ ಹಚ್ಚಿದ ಭಾಗ ಲೂಕನ ಸುವಾರ್ತೆಯ 3ನೇ ಅಧ್ಯಾಯದಲ್ಲಿದೆ. ಸ್ನಾನಿಕನಾದ ಯೋಹಾನನ ಉಪದೇಶ ಕೇಳಿ ಮನಕರಗಿದ ಸುಂಕದವರು, ನಾವೇನು ಮಾಡಬೇಕು ಎಂದು ಕೇಳುತ್ತಾರೆ. ಸುಂಕದ ಕೆಲಸಕ್ಕೆ ಆ ಸಮಾಜದಲ್ಲಿ ಎಷ್ಟು ಕೆಟ್ಟ ಹೆಸರಿತ್ತೆಂದು ನಮಗೆ ಗೊತ್ತಿದೆ. ಆದರೂ ಕೆಲಸ ಬಿಟ್ಟು ನನ್ನ ಹಿಂದೆ ಅಡವಿಗೆ ಬನ್ನಿ ಎಂದು ಯೋಹಾನನು ಹೇಳಲಿಲ್ಲ. ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ ಎಂದ. ಸಿಪಾಯಿಗಳಿಗೆ, ಬೆದರಿಸಿ ಹಣ ಕೀಳಬೇಡಿ, ಸುಳ್ಳು ಆರೋಪ ಹೊರಿಸಬೇಡಿ, ನಿಮ್ಮ ಸಂಬಳದಲ್ಲಿ ತೃಪ್ತರಾಗಿರಿ ಎಂದ. ಪಶ್ಚಾತ್ತಾಪದ ಫಲವನ್ನು ಅವನು ಹುಡುಕಿದ್ದು ಸುಂಕದ ಕಟ್ಟೆಯಲ್ಲಿ ಮತ್ತು ಸಿಪಾಯಿಯ ನಡತೆಯಲ್ಲಿ. ಇಂದು ಲೆಕ್ಕಪತ್ರ ವಿಭಾಗದಲ್ಲಿರುವ ಒಬ್ಬ ವಿಶ್ವಾಸಿಯ ಮುಂದೆ ಬಾರದ ಸಾಮಾನಿನ ಬಿಲ್ಲೊಂದನ್ನಿಟ್ಟು ಸಹಿ ಹಾಕು ಎಂದು ಮೇಲಧಿಕಾರಿ ಹೇಳುತ್ತಾನೆ ಎಂದುಕೊಳ್ಳಿ. ಸಹಿ ಹಾಕದಿದ್ದರೆ ಬಡ್ತಿ ತಪ್ಪಬಹುದು, ವರ್ಗವಾಗಬಹುದು, ಮನೆಯವರೇ ಬೇಸರ ಮಾಡಿಕೊಳ್ಳಬಹುದು. ಆ ಮಧ್ಯಾಹ್ನ ಆತ ಪೆನ್ನನ್ನು ಕೆಳಗಿಟ್ಟರೆ ಅದು ದೇವರ ಸೇವೆ. ಅಂದು ಸಂಜೆ ಅವನು ಕೂಟದಲ್ಲಿ ಹೇಳುವ ಸಾಕ್ಷಿಗೆ ತೂಕ ಬರುವುದೂ ಅದರಿಂದಲೇ. ಆದರೆ ನಮ್ಮ ಎಷ್ಟು ಸಭೆಗಳಲ್ಲಿ ಅಂಥವನಿಗಾಗಿ, ಅವನು ಆ ಮೇಜಿನ ಮುಂದೆ ಕುಳಿತಿರುವಾಗ, ಯಾರಾದರೂ ಪ್ರಾರ್ಥಿಸುತ್ತಿರುತ್ತಾರೆ?

ಅಪೊಸ್ತಲ ಪೌಲನು ಕೊರಿಂಥದಲ್ಲಿ ಅಕ್ವಿಲ ಮತ್ತು ಪ್ರಿಸ್ಕಿಲ್ಲರ ಜೊತೆ ಗುಡಾರ ಹೊಲಿಯುವ ಕಸಬು ಮಾಡಿದ್ದು ಎಲ್ಲರಿಗೂ ತಿಳಿದ ಸಂಗತಿಯಾದ್ದರಿಂದ ವಿಸ್ತರಿಸುವುದಿಲ್ಲ. ಮುಂದಿನ ಶತಮಾನಗಳಲ್ಲಿ ಯಾಜಕರ ಮತ್ತು ಸನ್ಯಾಸಿಗಳ ಬದುಕೇ ದೇವರ ಕರೆ, ಉಳಿದವರದು ಬರಿಯ ಸಂಸಾರ ಎಂಬ ಭಾವನೆ ಗಟ್ಟಿಯಾಯಿತು. 1520ರಲ್ಲಿ ಜರ್ಮನಿಯ ಸಭಾ ಸುಧಾರಕ ಮಾರ್ಟಿನ್ ಲೂಥರ್ ಇದನ್ನು ನೇರವಾಗಿ ಪ್ರಶ್ನಿಸಿ, ದೀಕ್ಷಾಸ್ನಾನ ಪಡೆದವರೆಲ್ಲರೂ ಯಾಜಕರೇ ಎಂದು ಬರೆದರು. ಕಥೋಲಿಕ ಸಭೆಯೂ ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ, 1965ರಲ್ಲಿ, ಶ್ರೀಸಾಮಾನ್ಯ ವಿಶ್ವಾಸಿಗಳ ಪ್ರೇಷಿತಕಾರ್ಯದ, ಅಂದರೆ ಲೋಕದಲ್ಲಿ ಅವರು ಮಾಡಬೇಕಾದ ಸೇವೆಯ, ಬಗ್ಗೆ ಪ್ರತ್ಯೇಕ ಆದೇಶಪತ್ರವನ್ನೇ ಹೊರಡಿಸಿತು. ಬೋಧನೆಯ ಮಟ್ಟದಲ್ಲಿ ವಾದ ಮುಗಿದಿದೆ. ಅಭ್ಯಾಸ ಮಾತ್ರ ಹಳೆಯದೇ ಉಳಿದಿದೆ.

ಈ ವಿಷಯ ಬಂದಾಗ ವಿಲಿಯಂ ವಿಲ್ಬರ್‌ಫೋರ್ಸ್ ಅವರ ಉದಾಹರಣೆಯನ್ನು ಕೊಡುವುದುಂಟು. ಇಂಗ್ಲೆಂಡಿನ ಸಂಸತ್ ಸದಸ್ಯರಾಗಿದ್ದ ಅವರು ನಂಬಿಕೆಯಲ್ಲಿ ಜಾಗೃತರಾದಾಗ ರಾಜಕೀಯವನ್ನು ಬಿಟ್ಟುಬಿಡಲೇ ಎಂದು ತೊಳಲಾಡಿದರು. 1785ರ ಕೊನೆಯಲ್ಲಿ ಅವರು ಸಲಹೆ ಕೇಳಿದ್ದು, ಹಿಂದೊಮ್ಮೆ ಗುಲಾಮರ ಹಡಗಿನ ಕಪ್ತಾನರಾಗಿದ್ದು ನಂತರ ಸಭಾಪಾಲಕರಾದ ಜಾನ್ ನ್ಯೂಟನ್ ಅವರನ್ನು. ಇದ್ದಲ್ಲಿಯೇ ಇದ್ದು ದೇವರ ಕೆಲಸ ಮಾಡಿ ಎಂಬುದು ನ್ಯೂಟನ್ ಅವರ ಸಲಹೆಯಾಗಿತ್ತು. ವಿಲ್ಬರ್‌ಫೋರ್ಸ್ ಸಂಸತ್ತಿನಲ್ಲಿಯೇ ಉಳಿದು ಹೋರಾಡಿದರು; ಗುಲಾಮರ ವ್ಯಾಪಾರವನ್ನು ನಿಷೇಧಿಸುವ ಕಾನೂನು 1807ರಲ್ಲಿ ಬಂತು. ಒಬ್ಬ ಸಭಾಪಾಲಕರು ಒಬ್ಬ ಯುವಕನನ್ನು ವೇದಿಕೆಗೆ ಎಳೆದುಕೊಳ್ಳದೆ ಅವನ ಕೆಲಸಕ್ಕೆ ಹಿಂದಿರುಗಿಸಿದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಆದರೆ ಇಂತಹ ಉದಾಹರಣೆಗಳಿಂದ, ಇತಿಹಾಸದಲ್ಲಿ ದಾಖಲಾಗುವಂಥದ್ದು ಮಾತ್ರ ಸೇವೆ ಎಂಬ ಇನ್ನೊಂದು ತಪ್ಪು ಭಾವನೆ ಹುಟ್ಟುವ ಅಪಾಯವೂ ಇದೆ.

ನನಗೆ ಪರಿಚಯವಿರುವ ಒಬ್ಬ ಅಕ್ಕ ಹಾಸಿಗೆ ಹಿಡಿದ ಅತ್ತೆಯನ್ನು ವರ್ಷಗಳಿಂದ ನೋಡಿಕೊಳ್ಳುತ್ತಿದ್ದಾರೆ. ಹಾಸಿಗೆಹುಣ್ಣು ಆಗದಂತೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು; ಮೊಣಕಾಲುಗಳ ನಡುವೆ ದಿಂಬಿಡಬೇಕು, ಹಿಮ್ಮಡಿ ಹಾಸಿಗೆಗೆ ಒತ್ತದಂತೆ ನೋಡಿಕೊಳ್ಳಬೇಕು, ಒದ್ದೆಯಾದ ಬಟ್ಟೆಯನ್ನು ಆಗಿಂದಾಗಲೇ ತೆಗೆಯಬೇಕು, ಗಂಜಿಯನ್ನು ನೆತ್ತಿಗೆ ಹತ್ತದಂತೆ ಚಮಚದಿಂದ ನಿಧಾನವಾಗಿ ಕುಡಿಸಬೇಕು. ಅತ್ತೆಗೆ ಈಗ ಸೊಸೆಯ ಗುರುತೇ ಸಿಗುವುದಿಲ್ಲ. ಆರಾಧನೆಗೆ ಬರುವುದು ಅಪರೂಪವಾದ್ದರಿಂದ, "ನಾನು ಕರ್ತನಿಗಾಗಿ ಏನೂ ಮಾಡಲಾಗುತ್ತಿಲ್ಲ" ಎಂದು ಅವರು ಕಣ್ಣೀರು ಹಾಕುತ್ತಾರೆ. ಈ ಮಾತು ಕೇಳಿದಾಗ ನನಗೆ ದುಃಖವೂ ಆಗುತ್ತದೆ, ಸಭೆಯಾಗಿ ನಾವು ಕಲಿಸಿದ್ದರ ಬಗ್ಗೆ ಸಿಟ್ಟೂ ಬರುತ್ತದೆ. ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ, ನಾನು ಹಸಿದಿದ್ದೆನು, ರೋಗದಲ್ಲಿ ಬಿದ್ದಿದ್ದೆನು ಎಂದು ಅರಸನು ಹೇಳುವಾಗ ನೀತಿವಂತರು ಆಶ್ಚರ್ಯದಿಂದ, ಕರ್ತನೇ, ಅದು ಯಾವಾಗ ಎಂದು ಕೇಳುತ್ತಾರೆ. ಅಲ್ಪರಿಗೆ ತಾವು ಮಾಡಿದ್ದು ಆ ಅರಸನಿಗೇ, ಅಂದರೆ ಕ್ರಿಸ್ತನಿಗೇ, ಸಂದಿತೆಂಬುದು ಅವರಿಗೇ ಗೊತ್ತಿರಲಿಲ್ಲ. ಹಾಗೆಂದು, ಇದು ನಿಮ್ಮ ಸೇವೆ ಎಂದು ಆ ಅಕ್ಕನನ್ನು ಹೊಗಳಿ ಮನೆಯ ಗಂಡಸರೂ ಸಭೆಯವರೂ ಕೈತೊಳೆದುಕೊಳ್ಳುವುದಾದರೆ, ಆ ಹೊಗಳಿಕೆ ಅವರಿಗೆ ಮತ್ತೊಂದು ಹೊರೆಯಾಗುತ್ತದೆ.

ಉದ್ಯೋಗವೇ ಸೇವೆ ಎಂಬ ಮಾತನ್ನು ಎಲ್ಲದಕ್ಕೂ ಅಂಟಿಸಿಕೊಳ್ಳುವುದನ್ನೂ ನಾನು ಒಪ್ಪುವುದಿಲ್ಲ. ನಿಯಮಗಳನ್ನು ಮರೆಮಾಚಿ ಬಡವರ ತಲೆಗೆ ಸಾಲ ಕಟ್ಟುವ ವ್ಯವಹಾರವನ್ನು ಪ್ರಾರ್ಥನೆಯಿಂದ ಆರಂಭಿಸಿದರೂ ಅದು ಸೇವೆಯಾಗುವುದಿಲ್ಲ. ನಮ್ಮ ಕೆಲಸದ ಇನ್ನೊಂದು ತುದಿಯಲ್ಲಿರುವ ಮನುಷ್ಯನಿಗೆ, ಅಂದರೆ ರೋಗಿಗೆ, ವಿದ್ಯಾರ್ಥಿಗೆ, ಗಿರಾಕಿಗೆ, ನಮ್ಮ ಕೈಕೆಳಗೆ ದುಡಿಯುವವರಿಗೆ, ಅದರಿಂದ ಒಳಿತಾಗುತ್ತಿದೆಯೇ ಎಂದು ಮೊದಲು ಕೇಳಿಕೊಳ್ಳಬೇಕು. ಹಾಗೆಯೇ ಸಹೋದ್ಯೋಗಿಯ ಗೆಳೆತನವನ್ನು ಸುವಾರ್ತೆಗೆ ದಾರಿ ಎಂದಷ್ಟೇ ಎಣಿಸಿ, ಆತ ಆಸಕ್ತಿ ತೋರದಿದ್ದಾಗ ದೂರ ಸರಿಯುವುದು ಪ್ರೀತಿಯಲ್ಲ. ಸಂಬಳ ಕೊಡುವವರ ಸಮಯದಲ್ಲಿ ಕೆಲಸ ಬದಿಗಿಟ್ಟು ವಾಕ್ಯ ಹಂಚುವುದೂ ಪ್ರಾಮಾಣಿಕತೆಯಲ್ಲ.

ಇದರಿಂದ ಸಭಾಪಾಲಕರ ಕರೆ ಕಡಿಮೆಯಾಗುತ್ತದೆ ಎಂದು ಯಾರೂ ಭಾವಿಸಬಾರದು. ದೇವಜನರನ್ನು ಸೇವೆಯ ಕೆಲಸಕ್ಕೆ ಸಿದ್ಧಗೊಳಿಸಲೆಂದೇ ಸಭಾಪಾಲಕರನ್ನೂ ಉಪದೇಶಿಗಳನ್ನೂ ಕ್ರಿಸ್ತನು ಕೊಟ್ಟನೆಂದು ಎಫೆಸದವರಿಗೆ ಬರೆದ ಪತ್ರದ 4ನೇ ಅಧ್ಯಾಯ ಹೇಳುತ್ತದೆ. ಹಾಗಿದ್ದಲ್ಲಿ ಅವರು ವಿಶ್ವಾಸಿಗಳ ಮನೆಗೆ ಭೇಟಿ ಕೊಡುವಂತೆ, ಅವರು ದುಡಿಯುವ ಸ್ಥಳ ಹೇಗಿದೆ, ಅಲ್ಲಿ ಯಾವ ಒತ್ತಡವಿದೆ ಎಂಬುದನ್ನೂ ಕೇಳಿ ತಿಳಿದು ಪ್ರಸಂಗ ಸಿದ್ಧಪಡಿಸಲಿ. ಸುವಾರ್ತಾ ಪ್ರವಾಸಕ್ಕೆ ಹೊರಟವರನ್ನು ಮುಂದೆ ಕರೆದು ಪ್ರಾರ್ಥಿಸಿ ಕಳುಹಿಸುವ ಹಾಗೆ, ಶಾಲೆ ತೆರೆಯುವ ಹೊತ್ತಿಗೆ ಶಿಕ್ಷಕರನ್ನೂ, ಹೊಸ ಕೆಲಸಕ್ಕೆ ಸೇರುವ ಯುವಕ ಯುವತಿಯರನ್ನೂ ಕರೆದು ಪ್ರಾರ್ಥಿಸಲಿ. ರೋಗಿಯನ್ನು ನೋಡಿಕೊಳ್ಳುವವರಿರುವ ಮನೆಗೆ ಭಾನುವಾರ ಬೆಳಿಗ್ಗೆ ಇಬ್ಬರು ಹೋಗಿ ಕುಳಿತರೆ ಆ ಮನೆಯವರು ಆರಾಧನೆಗೆ ಬರಬಹುದು. ಹೀಗೆ ಹೋಗುವವರ ಹೆಸರನ್ನೂ ಗಾಯನ ತಂಡದವರ ಹೆಸರಿನ ಜೊತೆಗೆ ಸಭೆಯ ಸೇವಕರ ಪಟ್ಟಿಯಲ್ಲಿ ಬರೆಯಲಿ.