ಭಾನುವಾರ 9ರಿಂದ 5: ಸ್ಫೂರ್ತಿ ಬರುತ್ತದೆ, ಕ್ಯಾಮೆರಾ ಆನ್ ಇಡಿ

ವಾರಕ್ಕೆ 70 ಗಂಟೆ ದುಡಿಯಿರಿ ಅಂದರು 2023ರಲ್ಲಿ ಒಬ್ಬ ಹಿರಿಯ ಉದ್ಯಮಿ. 2025ರ ಜನವರಿಯಲ್ಲಿ ಇನ್ನೊಬ್ಬರು ಅದನ್ನು 90ಕ್ಕೆ ಏರಿಸಿ, ಮನೆಯಲ್ಲಿ ಹೆಂಡತಿ ಮುಖ ಎಷ್ಟು ಹೊತ್ತು ನೋಡ್ತೀರಿ ಅಂತಲೂ ಕೇಳಿದರು. ಅದೇ ವರ್ಷದ ಜೂನ್‌ನಲ್ಲಿ ನಮ್ಮ ಕರ್ನಾಟಕದ ಕಾರ್ಮಿಕ ಇಲಾಖೆ ಓವರ್‌ಟೈಮ್ ಸೇರಿಸಿ ದಿನಕ್ಕೆ 12 ಗಂಟೆಯ ಪ್ರಸ್ತಾಪ ತಂದಿತು. ಇನ್ನೇನು ಬಾಕಿ ಅಂದುಕೊಳ್ಳುವಷ್ಟರಲ್ಲಿ ಝೂಮ್ ಕಾರ್ಯಾಗಾರದವರು ಬಂದರು: 'ಬಿಡುವಿಲ್ಲದವರಿಗೆ ಸೃಜನಶೀಲ ಬರವಣಿಗೆ'. ಭಾನುವಾರ, ಬೆಳಿಗ್ಗೆ 9ರಿಂದ ಸಂಜೆ 5. ಇದ್ದ ಒಂದು ಬಿಡುವನ್ನೂ ಕಿತ್ತುಕೊಂಡು, ಬಿಡುವಿಲ್ಲದೆ ಬರೆಯುವುದು ಹೇಗೆಂದು ಕಲಿಸುವ ಈ ಪುಣ್ಯಾತ್ಮರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಸಲ್ಲಲೇಬೇಕು.

ಸ್ಫೂರ್ತಿ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲೂ ಇದೆಯಂತೆ. ಇರಬಹುದು, ಅಲ್ಲಿ ಸಿಕ್ಕಿಕೊಳ್ಳದವರು ಯಾರು? ಫೋನಿನ ಮೈಕ್ ಒತ್ತಿ ಕಥೆ ಹೇಳಿಬಿಡಿ ಅನ್ನುತ್ತಾರೆ. ಹಿಂದಿನ ಟಿಪ್ಪರ್ ಹಾರ್ನ್ ಹೊಡೆಯುವ ಹೊತ್ತಿಗೆ 'ಅಜ್ಜಿ' ಹೋಗಿ 'ಅರ್ಜಿ' ಆಗಿರುತ್ತಾಳೆ, ಇಡೀ ಪ್ಯಾರಾದಲ್ಲಿ ಒಂದು ಪೂರ್ಣವಿರಾಮ ಇರುವುದಿಲ್ಲ. ತಿದ್ದಿ ಕಳಿಸಿದರೆ ವಿಶೇಷಾಂಕದವರಿಗೆ ಹಳೆಯ 'ನುಡಿ' ತಂತ್ರಾಂಶದ ಫಾಂಟಿನಲ್ಲೇ ಬೇಕು. ಫೋನು ಬರೆಯುವ ಯೂನಿಕೋಡಿನಲ್ಲಿ ರಕಾರ ಮೊದಲು ಬರುತ್ತದೆ, ಹಳೆಯ ನುಡಿ ಫಾಂಟಿನಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಕೂರುತ್ತದೆ. ಒಂದನ್ನು ಇನ್ನೊಂದಕ್ಕೆ ಬದಲಿಸುವ ಪರಿವರ್ತಕ ಈ ಅದಲುಬದಲಿನಲ್ಲಿ ಎಡವಿದರೆ 'ಸೂರ್ಯ' ಮುಳುಗುವುದೇ ಇಲ್ಲ, ಎರಡು ತುಂಡಾಗಿ ಅಲ್ಲೇ ನಿಲ್ಲುತ್ತಾನೆ. ಕರಡು ತಿದ್ದುವವರು ಅವನನ್ನೇ ಅಚ್ಚಿಗೆ ಕಳಿಸುತ್ತಾರೆ, ನವ್ಯ ಅಂದುಕೊಂಡು.

ಹೊಳೆದದ್ದನ್ನು ಗುರುತು ಹಾಕಿಕೊಳ್ಳಿ ಅನ್ನುವ ಮಾತು ಮಾತ್ರ ಸರಿ. ಹೇಗೆ ಅಂತ ಯಾರೂ ಹೇಳುವುದಿಲ್ಲ, ಅಷ್ಟೇ. 'ನೀಲಿ ಕೊಡೆ, ಒಳ್ಳೇ ಕಥೆ' ಅಂತ ಬರೆದಿಟ್ಟರೆ ಮೂರು ವಾರಕ್ಕೆ ಕೊಡೆಯೂ ಇಲ್ಲ, ಕಥೆಯೂ ಇಲ್ಲ. ಯಾರು, ಎಲ್ಲಿ, ಬಾಯಿಂದ ಬಂದ ಮಾತು ಬಂದ ಹಾಗೇ, ಈ ಮೂರು ಬೇಕು: 'ಬನಶಂಕರಿ ಬಸ್‌ಸ್ಟಾಪು. ಕೊಡೆ ಬಿಚ್ಚದೆ ನೆನೆಯುತ್ತಿದ್ದ ಮುದುಕ. "ಇದು ಅವಳದ್ದು ಕಣಪ್ಪ" ಅಂದ.' ಇಷ್ಟಕ್ಕೆ ಬಸ್ ಟಿಕೆಟ್ಟಿನ ಬೆನ್ನು ಸಾಕು. ಕೂತು ಬರೆದ ದಿನ ವಾಕ್ಯದ ನಡುವೆಯೇ ಏಳಬೇಕು. ಅಚ್ಚುಕಟ್ಟಾಗಿ ಮುಗಿಸಿ ಎದ್ದರೆ ಮರುದಿನದ ಹತ್ತು ನಿಮಿಷ ಎಲ್ಲಿಂದ ಶುರುಮಾಡುವುದು ಅನ್ನುವುದರಲ್ಲೇ ಕಳೆಯುತ್ತದೆ. ದಿನಕ್ಕೆ 100 ಪದ ಇಳಿದರೂ 2,500 ಪದದ ಕಥೆಗೆ 25 ದಿನ.

ಇಷ್ಟು ಹೇಳಲು ಎಂಟು ಗಂಟೆ ಬೇಡವಲ್ಲ, ಅದಕ್ಕೇ ಮಹಾಪುರುಷರನ್ನು ಕರೆಸುತ್ತಾರೆ. ಮಾಸ್ತಿಯವರು ದೊಡ್ಡ ಸರ್ಕಾರಿ ಹುದ್ದೆಯಲ್ಲಿದ್ದೂ ಬರೆಯಲಿಲ್ಲವೇ? ಬರೆದರು. ರಾತ್ರಿ 11ಕ್ಕೆ ಅವರ ಮೇಲಧಿಕಾರಿ ವಾಟ್ಸ್‌ಆಪ್ ಗ್ರೂಪಿನಲ್ಲಿ 'ಪ್ಲೀಸ್ ಅಪ್‌ಡೇಟ್' ಹಾಕುತ್ತಿರಲಿಲ್ಲ. ಆಮೇಲೆ ಇಂಗ್ಲೆಂಡಿನ ಕಾದಂಬರಿಕಾರ ಆಂತೊನಿ ಟ್ರೊಲೋಪ್. ಅಂಚೆ ಇಲಾಖೆಯ ನೌಕರ, ಬೆಳಗ್ಗೆ 5.30ಕ್ಕೆ ಮೇಜಿನ ಮುಂದೆ, ಎದುರಿಗೆ ಗಡಿಯಾರ, ಕಾಲು ಗಂಟೆಗೆ 250 ಪದ. ಕಾರ್ಯಾಗಾರದವರು ಬಿಟ್ಟುಬಿಡುವ ಸಂಗತಿಯೊಂದಿದೆ: ತನ್ನನ್ನು ಎಬ್ಬಿಸಿ ಕಾಫಿ ಕೊಡಲು ಆತ ಆಳಿಗೆ ವರ್ಷಕ್ಕೆ 5 ಪೌಂಡ್ ಹೆಚ್ಚಿಗೆ ಕೊಡುತ್ತಿದ್ದ. ನಮ್ಮಲ್ಲಿ ಐದಕ್ಕೆ ಎದ್ದು ಆ ಕಾಫಿ ಸೋಸುವವಳಿಗೂ ಒಂದು ಕಥೆ ಬರೆಯುವುದಿರುತ್ತದೆ. ಅವಳಿಗೆ ಸಿಗುವ ಸಲಹೆ, ಕುಕ್ಕರಿನ ಮೂರನೇ ಸೀಟಿಯೊಳಗೆ ಒಂದು ಹನಿಗವನ.

12 ಗಂಟೆ ಆಫೀಸು, 3 ಗಂಟೆ ರಸ್ತೆ, 7 ಗಂಟೆ ನಿದ್ದೆ. ಉಳಿದ 2 ಗಂಟೆಯಲ್ಲಿ ಸ್ನಾನ, ಊಟ, ಮಗುವಿನ ಹೋಂವರ್ಕ್, ಅಮ್ಮನ ಬಿಪಿ ಮಾತ್ರೆ. ಹೊತ್ತನ್ನೆಲ್ಲ ದೋಚಿಕೊಂಡವರು ವೇದಿಕೆ ಮೇಲೆ ಭಾಷಣ ಮಾಡುತ್ತಾರೆ, 'ಶಿಸ್ತಿಲ್ಲ' ಅನ್ನಿಸಿಕೊಳ್ಳುವುದು ಮಾತ್ರ ಬೆಳಗ್ಗೆ ಐದಕ್ಕೆ ಏಳಲಾಗದ ಗುಮಾಸ್ತ. ಸಾಕಾಗಿಹೋಗಿದೆ.

ಅಂದಹಾಗೆ, ಕಾರ್ಯಾಗಾರದಲ್ಲಿ ಊಟಕ್ಕೆ 20 ನಿಮಿಷ ಬಿಡುವಿದೆ. ಆ ಬಿಡುವಿನಲ್ಲಿ ಊಟದ ಬಗ್ಗೆ 200 ಪದ ಬರೆದು ತರಬೇಕು.