ಅಪ್ಪನ ಗೋಡೆ ಕ್ಯಾಲೆಂಡರು, ಅವ್ವನ ಕಣ್ಣಿನ ತಾರೀಖು

ಹೋದ ವರ್ಷ ಅವ್ವನ ಕಣ್ಣಿನ ತಪಾಸಣೆ ತಪ್ಪಿಹೋಯಿತು. ಅವ್ವನಿಗೆ ಬಹಳ ವರ್ಷದಿಂದ ಶುಗರ್ ಇದೆ. ರೆಟಿನಾಕ್ಕೆ (ಕಣ್ಣಿನ ಒಳಪರದೆಗೆ) ಪೆಟ್ಟು ಬೀಳೋಕೆ ಶುರುವಾಗಿದೆ, ಮೂರು ತಿಂಗಳಿಗೊಮ್ಮೆ ತಪ್ಪದೆ ಬನ್ನಿ ಅಂತ ಬಳ್ಳಾರಿಯ ಡಾಕ್ಟರ್ ಹೇಳಿದ್ದರು. ಈ ತೊಂದರೆಗೆ ಮೊದಮೊದಲು ನೋವು ಇರಲ್ಲ, ಕಣ್ಣೂ ಚೆನ್ನಾಗೇ ಕಾಣುತ್ತೆ. ಹಾಗಾಗಿ ಮರೆಯೋದು ಸುಲಭ.

ತಾರೀಖು ಬರೆದ ಚೀಟಿಯ ಫೋಟೊ ತೆಗೆದು ಮನೆಯ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದವಳು ನಾನೇ. ಸಿಂಧನೂರಿನಿಂದ ಅಕ್ಕ ಕೈ ಮುಗಿದ ಚಿತ್ರ ಹಾಕಿದಳು. ಬೆಂಗಳೂರಿನಿಂದ ತಮ್ಮ ಹೆಬ್ಬೆಟ್ಟು ಒತ್ತಿದ. ಆಮೇಲೆ ಅದರ ಮೇಲೆ ಶುಭೋದಯ, ಲಗ್ನಪತ್ರಿಕೆ, ಅಳಿಯನ ಹೊಸ ಬೈಕು, ಯಾರದೋ ನಾಮಕರಣ ಎಲ್ಲ ಬಂದು ಚೀಟಿ ತಳಕ್ಕೆ ಹೋಯಿತು. ಅಕ್ಕ, ತಂಗಿ ಕರ್ಕೊಂಡು ಹೋಗ್ತಾಳೆ ಅಂದುಕೊಂಡಳು. ನಾನು, ತಮ್ಮ ರಜೆ ಹಾಕಿ ಬರ್ತಾನೆ ಅಂದುಕೊಂಡೆ. ತಮ್ಮ, ಹತ್ತಿರ ಇರೋ ಅಕ್ಕಂದಿರು ನೋಡ್ಕೋತಾರೆ ಅಂದುಕೊಂಡ. ನೆನಪಾದಾಗ ತಾರೀಖು ಮುಗಿದು ಎರಡು ತಿಂಗಳಾಗಿತ್ತು. ಎಡಗಣ್ಣು ಮಂಜಾಗಿತ್ತು.

"ನೀವ್ಯಾರೂ ಏನೂ ಅನ್ಲಿಲ್ಲ. ಇನ್ನ ಬ್ಯಾಡೇನೋ ಅಂತ ನಾನೂ ಸುಮ್ನಾದೆ ಯವ್ವಾ" ಅಂದಳು ಅವ್ವ. ಆ ಮಾತು ಕೇಳಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೂರೂ ಜನ ದಿನಾ ಗ್ರೂಪಿನಲ್ಲಿ ಇದ್ದೆವು. ದಿನಾ ಮಾತಾಡುತ್ತಿದ್ದೆವು. ಆದರೂ ತಪ್ಪಿತು. ಆಗ ನನಗೆ ಅಪ್ಪನ ಗೋಡೆ ಕ್ಯಾಲೆಂಡರು ನೆನಪಾಯಿತು. ಹುಲಿಗಿ ಹತ್ತಿರದ ನಮ್ಮ ಊರಿನ ಮನೆಯಲ್ಲಿ, ಅಡುಗೆಮನೆ ಬಾಗಿಲ ಪಕ್ಕ ಅದು ನೇತಾಡುತ್ತಿತ್ತು. ಹಾಲಿನ ಲೆಕ್ಕ, ಎಮ್ಮೆ ಈಯೋ ದಿನ, ನಾಲೆಗೆ ನೀರು ಬಿಡೋ ದಿನ, ಬೀಗರ ಮನೆ ಮದುವೆ ಎಲ್ಲ ಅದರ ಮೇಲೇ. ಅಪ್ಪ ಕಟ್ಟೆ ಮೇಲೆ ಕೂತು ಊರಿನ ಮಾತೆಲ್ಲ ಆಡುತ್ತಿದ್ದ. ಆದರೆ ತಾರೀಖು ಅಂತ ಬಂದರೆ ಎದ್ದು ಒಳಗೆ ಹೋಗಿ ಬರೆದು ಬರುತ್ತಿದ್ದ. ನಾವು ಮಕ್ಕಳು ಕಟ್ಟೆಯನ್ನು ಮಾತ್ರ ಫೋನಿಗೆ ತಂದುಕೊಂಡೆವು. ಗೋಡೆಯನ್ನು ತರಲಿಲ್ಲ.

ಹಾಗಾಗಿ ಗೋಡೆ ಮಾಡಿದೆವು. ಗೂಗಲ್ ಕ್ಯಾಲೆಂಡರಿನಲ್ಲಿ 'ಅವ್ವ' ಅಂತ ಬೇರೆ ಕ್ಯಾಲೆಂಡರ್ ತೆರೆದು, ಮೂವರೂ ನೋಡೋಕೆ, ತಿದ್ದೋಕೆ ಆಗೋ ಹಾಗೆ ಹಂಚಿಕೊಂಡೆವು. ಇದಕ್ಕೆ ದುಡ್ಡಿಲ್ಲ, ಜಿಮೇಲ್ ಇದ್ದರೆ ಸಾಕು. ಒಂದು ಮಾತು ಮಾತ್ರ ಗಮನದಲ್ಲಿಡಿ. ಕ್ಯಾಲೆಂಡರ್ ಹಂಚಿಕೊಂಡರೂ ನೆನಪಿಸೋ ಗಂಟೆಯನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಖಾತೆಯಲ್ಲೇ ಇಟ್ಟುಕೊಳ್ಳಬೇಕು. ನಾನು ಇಟ್ಟಿದ್ದು ಅಕ್ಕನ ಫೋನಿನಲ್ಲಿ ಬಡಿಯಲ್ಲ. ನಾವು ಒಂದು ವಾರ ಮೊದಲು ಒಂದು ಸಲ, ಹಿಂದಿನ ದಿನ ಒಂದು ಸಲ ಇಟ್ಟಿದ್ದೀವಿ. ಪ್ರತಿ ತಾರೀಖಿನ ಪಕ್ಕ ಒಬ್ಬರ ಹೆಸರು ಬರೆಯುತ್ತೀವಿ. ಎಲ್ಲರ ಕೆಲಸ ಅಂದರೆ ಯಾರ ಕೆಲಸವೂ ಅಲ್ಲ ಅನ್ನೋದನ್ನ ಅವ್ವನ ಕಣ್ಣು ನಮಗೆ ಕಲಿಸಿತು.

ಗುಳಿಗಿ, ಲ್ಯಾಬು, ಬಸ್ ಚಾರ್ಜು, ಎಲ್ಲ ಖರ್ಚಿಗೂ ಒಂದು ಗೂಗಲ್ ಶೀಟ್ ಇದೆ, ಮೂವರೂ ಫೋನಿನಲ್ಲೇ ತುಂಬೋ ಲೆಕ್ಕದ ಪಟ್ಟಿ ಅದು. ಅದನ್ನು ಶುರು ಮಾಡಿದ ಮೇಲೆ "ನಾನೇ ಜಾಸ್ತಿ ಕೊಟ್ಟೆ" ಅನ್ನೋ ಮಾತು ನಮ್ಮಲ್ಲಿ ನಿಂತುಹೋಯಿತು. ಅಣ್ಣತಮ್ಮ, ಅಕ್ಕತಂಗಿಯರ ನಡುವೆ ಆ ಮಾತು ಎಷ್ಟು ನೋಯಿಸುತ್ತೆ ಅಂತ ನಿಮಗೂ ಗೊತ್ತಿರಬಹುದು.

ಶುಭೋದಯದ ಮೆಸೇಜುಗಳನ್ನು ಬೈಯೋರು ಬಹಳ ಜನ. ನಾನು ಬೈಯಲ್ಲ. ಕಾರಟಗಿಯಲ್ಲಿ ನನ್ನ ಸೋದರಮಾವ ಒಬ್ಬರೇ ಇರ್ತಾರೆ. ಬೆಳಿಗ್ಗೆ ಆರಕ್ಕೆ ಅವರ ಹೂವಿನ ಚಿತ್ರ ಬರುತ್ತೆ. ಬಾರದಿದ್ದ ದಿನ ಎಂಟು ಗಂಟೆಗೆ ನಾನು ಫೋನ್ ಮಾಡ್ತೀನಿ. ಒಂದು ಸಲ ಜ್ವರದಲ್ಲಿ ಎದ್ದೇ ಇರಲಿಲ್ಲ, ಪಕ್ಕದ ಮನೆಯವರನ್ನು ಕಳಿಸಿದೆ. ಅಂಥ ಮೆಸೇಜಿಗೂ ಜಾಗ ಬೇಕು. ಅದು ಔಷಧಿ ಚೀಟಿಯ ಮೇಲೆ ಬಂದು ಕೂರಬಾರದು ಅಷ್ಟೇ.

ಅವ್ವನಿಗೆ ಓದು ಬರಲ್ಲ. ಅವಳಿಗೆ ಧ್ವನಿ ಸಂದೇಶ ಕಲಿಸಿದೆವು. ಮೈಕಿನ ಗುರುತು ಒತ್ತಿ ಹಿಡಿ, ಮಾತಾಡು, ಬಿಡು. "ಗುಳಿಗಿ ತಗೊಂಡೆ, ಉಂಡೆ, ಎಮ್ಮಿ ಹಾಲು ಕಡಿಮಿ ಆಗ್ಯಾವ" ಅಂತ ದಿನಾ ರಾತ್ರಿ ಬರುತ್ತೆ. ಬೆಂಗಳೂರಿನಲ್ಲಿ ತಮ್ಮ ಅದನ್ನು ಕೇಳಿಕೊಂಡೇ ಮಲಗುತ್ತಾನೆ.

ಮನೆಯಲ್ಲಿ ನಡೆದದ್ದು ಓಣಿಗೂ ಹೋಯಿತು. ಕೊಪ್ಪಳದ ಗವಿಮಠದ ಅಜ್ಜನ ಜಾತ್ರೆಯ ದಾಸೋಹಕ್ಕೆ ಹಳ್ಳಿಹಳ್ಳಿಗಳಿಂದ ರೊಟ್ಟಿ ಹೋಗೋದು ನಿಮಗೆಲ್ಲ ಗೊತ್ತು. ನಮ್ಮ ಓಣಿಯಲ್ಲಿ ಮೊದಲು ಯಾರು ಎಷ್ಟು ಮಾಡ್ತಾರೆ ಅನ್ನೋದು ಕೊನೇ ದಿನದವರೆಗೂ ಗೊತ್ತಾಗುತ್ತಿರಲಿಲ್ಲ. ಈಗ ಅತ್ತೆಯಂದಿರು "ನಮ್ಮನಿದು ನೂರು ರೊಟ್ಟಿ ಬರ್ಕೋ" ಅಂತ ಧ್ವನಿ ಕಳಿಸ್ತಾರೆ. ಕಾಲೇಜಿಗೆ ಹೋಗೋ ಹುಡುಗಿ ಶೀಟಿಗೆ ತುಂಬುತ್ತಾಳೆ. ಯಾರ ಮನೆಗೆ ಜೋಳದ ಹಿಟ್ಟು ಬೇಕು, ಯಾರ ಟ್ರ್ಯಾಕ್ಟರು ಹೋಗುತ್ತೆ, ಅದೂ ಅಲ್ಲೇ. ಯಾವ ದಿನ ರೊಟ್ಟಿ ಬಡಿಯೋದು ಅಂತ ಗ್ರೂಪಿನಲ್ಲಿ ಪೋಲ್ (ಓಟು) ಹಾಕಿದರೆ ಸಂಜೆಯೊಳಗೆ ತೀರ್ಮಾನ. ಕೊನೆಗೆ ಗೊತ್ತಾದ ತಾರೀಖನ್ನು ಗ್ರೂಪಿನ ಮೇಲೆ ಪಿನ್ ಮಾಡ್ತಾರೆ. 30 ದಿನದವರೆಗೆ ಅದು ಮೇಲೇ ಇರುತ್ತೆ.

ಇದೇ ಗ್ರೂಪು ನಮ್ಮನ್ನು ಹೆದರಿಸಿದ್ದೂ ಇದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂನ 19ನೇ ಗೇಟಿನ ಚೈನ್ ಕಡಿದು ಗೇಟು ಕೊಚ್ಚಿಹೋಯಿತು. ನಾವು ಹೊಳೆದಂಡೆಯವರು. 33 ಗೇಟಿನಲ್ಲಿ ಹೋಗಿದ್ದು ಒಂದು. ಆದರೆ ಬೆಳಗಾಗೋದರೊಳಗೆ ಡ್ಯಾಮೇ ಒಡೆದಿದೆ ಅನ್ನೋ ಧ್ವನಿ ಸಂದೇಶ ನನ್ನ ಮೂರು ಗ್ರೂಪಿನಲ್ಲಿ ಬಂದಿತ್ತು. ಅವ್ವ ಬಟ್ಟೆ ಗಂಟು ಕಟ್ಟಿ ಬಾಗಿಲಲ್ಲಿ ಕೂತಿದ್ದಳು. ಆಗ ಓಣಿಯ ಗ್ರೂಪಿನ ಅಡ್ಮಿನ್ ಒಳ್ಳೇ ಕೆಲಸ ಮಾಡಿದರು. ಅಡ್ಮಿನ್‌ಗಳು ಮಾತ್ರ ಮೆಸೇಜ್ ಕಳಿಸೋ ಹಾಗೆ ಸೆಟ್ಟಿಂಗ್ ಬದಲಾಯಿಸಿ, ಜಿಲ್ಲಾಡಳಿತ ಹೇಳಿದ್ದನ್ನಷ್ಟೇ ಹಾಕಿದರು. ಒಂದು ವಾರದಲ್ಲಿ ಸ್ಟಾಪ್‌ಲಾಗ್ (ಗೇಟಿನ ಬದಲಿಗೆ ಇಳಿಸೋ ತಾತ್ಕಾಲಿಕ ತಡೆ) ಇಳಿಸಿ ನೀರು ನಿಲ್ಲಿಸೋವರೆಗೂ ಹಾಗೇ ಇಟ್ಟರು. ಪ್ರತಿ ಊರಿನ ಗ್ರೂಪಿಗೂ ಅಂಥ ಒಬ್ಬರು ಬೇಕು. ನಿಮ್ಮ ಊರಲ್ಲಿ ಅದು ಯಾರು ಅಂತ ಮಳೆಗಾಲಕ್ಕೆ ಮೊದಲೇ ಮಾತಾಡಿಕೊಳ್ಳಿ.

ಇನ್ನೊಂದು. ಶೀಟಿನಲ್ಲಾಗಲಿ ಗ್ರೂಪಿನಲ್ಲಾಗಲಿ ಬ್ಯಾಂಕಿನ ಪಾಸ್‌ವರ್ಡ್, ಓಟಿಪಿ, ಆಧಾರ್ ಫೋಟೊ ಹಾಕಬೇಡಿ. ವಾಟ್ಸ್‌ಆ್ಯಪ್‌ಗೆ ಎರಡು ಹಂತದ ಪರಿಶೀಲನೆಯ (ಟು-ಸ್ಟೆಪ್ ವೆರಿಫಿಕೇಶನ್) ಪಿನ್ ನಂಬರ್ ಇಟ್ಟುಕೊಳ್ಳಿ. ಅವ್ವನ ಫೋನಿಗೂ ಇಡಿ.

ಅವ್ವನ ಎಡಗಣ್ಣು ಮೊದಲಿನ ಹಾಗೆ ಆಗಿಲ್ಲ. ಬಲಗಣ್ಣು ಉಳಿದಿದೆ. ಆಮೇಲೆ ನಾಲ್ಕು ತಪಾಸಣೆ ಆದವು, ಒಂದೂ ತಪ್ಪಿಲ್ಲ. ಮುಂದಿನ ತಾರೀಖಿನ ಪಕ್ಕ ತಮ್ಮನ ಹೆಸರಿದೆ, ಟಿಕೆಟ್ ಆಗಲೇ ಮಾಡಿಸಿದ್ದಾನೆ.

ಕೊಪ್ಪಳದ ಸುತ್ತಮುತ್ತ ಇರುವ ಗೆಳತಿಯರೇ, ನಿಮ್ಮ ಮನೆಗೂ ಇಂಥ ಕ್ಯಾಲೆಂಡರ್ ಬೇಕು ಅನಿಸಿದರೆ ನನಗೆ ಮೆಸೇಜ್ ಮಾಡಿ. ಭಾನುವಾರ ಮಧ್ಯಾಹ್ನ ನಾನು ಮನೆಯಲ್ಲೇ ಇರ್ತೀನಿ. ಬರುವಾಗ ಆಸ್ಪತ್ರೆಯ ಚೀಟಿಗಳನ್ನು ತನ್ನಿ, ಅಣ್ಣತಮ್ಮಂದಿರ ಜಿಮೇಲ್ ವಿಳಾಸ ಕೇಳಿಕೊಂಡು ಬನ್ನಿ. ಅರ್ಧ ಗಂಟೆಯ ಕೆಲಸ.